ಸುಬ್ಬಯ್ಯನ ಗೋಡೆ, ಬಸವಯ್ಯನ ಬೆನ್ನು

"ಪಟ್ಟೆ ನೂಲಿಗೇ ಬಣ್ಣ ಕಟ್ಟೋ ಕೈ ಕಣೆ ಇದು! ನಾಕು ಗ್ವಾಡೆಗೆ ಕಟ್ಟಕ್ಕಿಲ್ವಾ?"

ಹೀಗೆಂದು ಸುಬ್ಬಯ್ಯ ತನ್ನ ಬಲಗೈಯನ್ನು ಹೆಂಡತಿ ಚಿಕ್ಕತಾಯಮ್ಮನ ಮೂಗಿನ ಹತ್ತಿರಕ್ಕೆ ಚಾಚಿದ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ರೇಷ್ಮೆಗೆ ಬಣ್ಣ ಹಾಕುವ ಆ ಕೈಗೆ ಹೆಸರಿದ್ದದ್ದು ನಿಜ. ಸೀರೆ ಹರಿದು ಹೋದೀತು, ಉಟ್ಟವಳಿಗೆ ಮೊಮ್ಮಕ್ಕಳಾದಾವು, ಸುಬ್ಬಯ್ಯ ಹಾಕಿದ ಬಣ್ಣ ಮಾತ್ರ ಹಾಗೇ ಇದ್ದೀತು ಎಂದು ಸೀರೆ ಕೊಳ್ಳುವ ಸಾಹುಕಾರರೇ ಒಂದು ಸಲ ಹೊಗಳಿದ್ದರು. ಸಾಹುಕಾರರು ಒಂದು ಸಲ ಹೇಳಿದ್ದನ್ನು ಸುಬ್ಬಯ್ಯ ಅಂದಿನಿಂದ ದಿನಕ್ಕೊಂದು ಸಲ ಹೇಳುತ್ತಿದ್ದ.

ಚಿಕ್ಕತಾಯಮ್ಮ ಆ ಕೈಯನ್ನು ಪಕ್ಕಕ್ಕೆ ಸರಿಸಿದಳು. "ಪೇಂಟರ್ನ ಕರ್ಸಿ ಅಂದ್ರೆ ಕರ್ಸಿ. ಒಂದ್ಸಲ ನೀವೇ ಬಳ್ದು ನನ್ ತವರು ಕಳ್ದಿದ್ದು ಸಾಲ್ದಾ?"

ಆ "ಒಂದ್ಸಲ" ಯಾವುದೆಂದು ಹೇಳದೆ ಕಥೆ ಮುಂದಕ್ಕೆ ಹೋಗುವ ಹಾಗಿಲ್ಲ. ಈ ಮನೆಗೆ ಒಕ್ಕಲು ಬಂದ ವರ್ಷ, ಇದೇ ಹುಮ್ಮಸ್ಸಿನಲ್ಲಿ, ಸುಬ್ಬಯ್ಯನೇ ಗೋಡೆಗೆ ಸುಣ್ಣ ಬಳಿದಿದ್ದ. ಚಿಕ್ಕತಾಯಮ್ಮನ ತಮ್ಮ ಬಸವಯ್ಯ ಯಳಂದೂರಿನಲ್ಲಿ ಗುಮಾಸ್ತ. ಅಕ್ಕನ ಹೊಸ ಮನೆಗೆಂದು ಆಗತಾನೆ ಹೊಲಿಸಿದ ಕರೀ ಕೋಟು ತೊಟ್ಟು ಬಂದವನು, ಊಟವಾದ ಮೇಲೆ ಎಲೆ ಅಡಿಕೆ ಮೆಲ್ಲುತ್ತ ಹಾಯಾಗಿ ಗೋಡೆಗೆ ಒರಗಿದ. ಎದ್ದಾಗ ಗೋಡೆಯ ಅರ್ಧ ಸುಣ್ಣ ಅವನ ಬೆನ್ನ ಮೇಲಿತ್ತು! ಬಂದ ನೆಂಟರೆಲ್ಲ ಬಾಯಿಗೆ ಸೆರಗು, ಶಲ್ಯ ಒತ್ತಿಕೊಂಡು ತಡೆದುಕೊಂಡರು. ಸುಬ್ಬಯ್ಯ ಒಬ್ಬನೇ ತಡೆದುಕೊಳ್ಳಲಿಲ್ಲ. "ಏನ್ ಬಸವಯ್ಯ, ನಮ್ ಗ್ವಾಡೇನೇ ಹೊತ್ಕಂಡು ಊರಿಗೋಯ್ತಾ ಇದ್ದೀಯಲ್ಲಪ್ಪ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಬಸವಯ್ಯ ಚಪ್ಪಲಿ ಮೆಟ್ಟಿ ಹೊರಟವನು ಆಮೇಲೆ ಈ ಹೊಸಲು ತುಳಿದಿರಲಿಲ್ಲ.

ಕೊಳ್ಳೇಗಾಲ ಆಗ ಮದರಾಸಿಗೆ ಸೇರಿತ್ತು, ಯಳಂದೂರು ಮೈಸೂರಿಗೆ. ಆ ಎರಡು ಸರ್ಕಾರಗಳ ನಡುವೆ ಬಸ್ಸಾದರೂ ಓಡಾಡುತ್ತಿತ್ತು. ಈ ಭಾವ ಭಾವಮೈದುನರ ನಡುವೆ ಅದೂ ಇರಲಿಲ್ಲ. ಪ್ರತಿ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರುತ್ತಿತ್ತು, ಆದರೆ ಸಂತೆಗೆ ಬಂದವರ ಯಾರದೋ ಕೈಯಲ್ಲಿ. ಚಿಕ್ಕತಾಯಮ್ಮ ಅದನ್ನು ತೆಗೆದುಕೊಂಡು, ತಂದವರಿಗೆ ಕಾಫಿ ಕೊಟ್ಟು ಕಳಿಸಿ, ಅಡುಗೆಮನೆಗೆ ಹೋಗಿ ಒಲೆ ಊದುವ ನೆಪದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಈ ವರ್ಷ ಮಾತ್ರ ಬಸವಯ್ಯ ಹೇಳಿಕಳಿಸಿದ್ದ: "ಹಬ್ಬದ ದಿನ ಬೆಳಿಗ್ಗೆ ನಾನೇ ಬಾಗಿನ ತರ್ತೀನಿ ಅಂತ ಅಕ್ಕನಿಗೆ ಹೇಳಿ." ಅದನ್ನು ಕೇಳಿದ ದಿನದಿಂದ ಅವಳು ನೆಲದ ಮೇಲೆ ನಡೆಯುತ್ತಿರಲಿಲ್ಲ. ಅವಳ ಭಯ ಒಂದೇ, ಪಡಸಾಲೆಯ ಗೋಡೆ.

"ಅದ್ಕೇ ಕಣೆ ನಾನೇ ಬಳೀತೀನಿ ಅನ್ನೋದು," ಎಂದ ಸುಬ್ಬಯ್ಯ. "ಅವತ್ತು ಬರೀ ಸುಣ್ಣ ಬಳ್ದೆ, ಉದುರ್ತು. ಇವತ್ತು ಬಣ್ಣ ಕಟ್ಟಿಸ್ತೀನಿ. ಬಸವಯ್ಯ ಬೆನ್ನು ಹಾಕಿ ಉಜ್ಜುದ್ರೂ ಬುಡಬಾರ್ದು, ಅಂಗೆ!"

ರೇಷ್ಮೆ ನೂಲಿಗೆ ಬಣ್ಣ ಹತ್ತಬೇಕಾದರೆ ಬಾನಿಗೆ ಹುಳಿ ಬೀಳಬೇಕು. ಇದು ಸುಬ್ಬಯ್ಯನಿಗೆ ಅವನಪ್ಪ ಕಲಿಸಿದ ಮೊದಲ ಪಾಠ. ಸುಣ್ಣಕ್ಕೆ ಹುಳಿ ಬಿದ್ದರೆ ಅದರ ಅಂಟೇ ಸತ್ತುಹೋಗುತ್ತದೆ ಎನ್ನುವುದು ಅವನಿಗೆ ಯಾರೂ ಕಲಿಸದ ಎರಡನೆಯ ಪಾಠ. ಹಾಗಾಗಿ ಅವನು ಸುಣ್ಣದ ಬಾನಿಗೆ ಸೀರೆಯ ರಾಣಿ ಬಣ್ಣವನ್ನು ಡಬ್ಬಿಗಟ್ಟಲೆ ಸುರಿದು, ಉಪ್ಪಿನಕಾಯಿಗೆಂದು ತಂದಿದ್ದ ಒಂದು ಬುಟ್ಟಿ ನಿಂಬೆಹಣ್ಣನ್ನು ಅದಕ್ಕೆ ಹಿಂಡಿದ. ಬಾನಿ ಬುಸ್ಸೆಂದು ನೊರೆ ಉಕ್ಕಿಸಿತು.

"ನೋಡ್ದಾ? ಬಣ್ಣ ಕಟ್ತಾ ಅದೆ!"

"ನನ್ ಉಪ್ಪಿನಕಾಯಿ ಓಯ್ತಾ ಅದೆ," ಎಂದಳು ಚಿಕ್ಕತಾಯಮ್ಮ.

ಬಳಿದಾಗ ಗೋಡೆ ಏನು ಮಿಂಚಿತು ಅಂತೀರಿ! ಬೀದಿಯವರು ಇಣುಕಿ ನೋಡಿ ಹೋದರು. ಸುಬ್ಬಯ್ಯ ಸೊಂಟದ ಮೇಲೆ ಕೈಯಿಟ್ಟು ಅರಮನೆ ಕಟ್ಟಿಸಿದ ದೊರೆಯ ಹಾಗೆ ನಿಂತ. ಒಣಗಿದ ಮೇಲೆ ಶುರುವಾಯಿತು ನೋಡಿ. ಮೊದಲು ಬೆಕ್ಕು. ಗೋಡೆಗೆ ಮೈ ಉಜ್ಜಿಕೊಂಡು ಹೋದ ಬಿಳೀ ಬೆಕ್ಕು ರಾಣಿ ಬಣ್ಣದ ಬೆಕ್ಕಾಗಿ ಹಿಂತಿರುಗಿತು. ಹಾಲಿನ ದೊಡ್ಡಬಸಮ್ಮ ಚೊಂಬು ಇಳಿಸಿ ಒಂದು ಗಳಿಗೆ ಒರಗಿದಳು. ಅವಳ ಹಿಂದೆ ಹೋದ ಕರುವಿಗೆ ತನ್ನ ಮನೆಯ ಯಜಮಾನಿಯ ಗುರುತು ಸಿಗಲಿಲ್ಲ. ಎಲೆ ಅಡಿಕೆಗೆ ಬಂದ ಪಕ್ಕದ ಮನೆಯ ಚಿಕ್ಕಸಿದ್ದಯ್ಯ ಮನೆಗೆ ಹೋದಾಗ ಅವನ ಹೆಂಡತಿ ಬೆನ್ನು ನೋಡಿ, "ಯಾವೋಳ ಸೀರೆ ಬಣ್ಣ ಇದು?" ಎಂದು ಪೊರಕೆ ಹಿಡಿದಳು. ಅವನು ಪೊರಕೆಯ ಮುಂದೆಯೇ ಓಡಿ ಬಂದು, "ಸುಬ್ಬಯ್ಯಣ್ಣ, ನಿನ್ ಗ್ವಾಡೆ ಸಾಕ್ಷಿ ಹೇಳಬೇಕು, ಬಾ!" ಎಂದು ಕೈ ಹಿಡಿದು ಎಳೆದ. ಒಟ್ಟಿನಲ್ಲಿ ಆ ಬೀದಿಯಲ್ಲಿ ಯಾರ ಮನೆಗೆ ಯಾರು ಹೋದರೂ ಗೊತ್ತಾಗದೆ ಇರಬಹುದು, ಸುಬ್ಬಯ್ಯನ ಮನೆಗೆ ಹೋದವರು ಮಾತ್ರ ಊರಿಗೆಲ್ಲ ಗೊತ್ತಾಗುತ್ತಿದ್ದರು.

ಚಿಕ್ಕತಾಯಮ್ಮ ಬೈಯಲಿಲ್ಲ. ಬೈದಿದ್ದರೆ ಸುಬ್ಬಯ್ಯ ತಿರುಗಿ ಬೈದು ಹಗುರಾಗುತ್ತಿದ್ದ. ಅವಳು ಬೆರಳ ತುದಿಯಿಂದ ಗೋಡೆ ಮುಟ್ಟಿ, ಬೆರಳು ನೋಡಿಕೊಂಡು, "ನನ್ ತಮ್ಮ ಈ ಸಲನೂ ಇಂಗೇ ಎದ್ದೋಯ್ತಾನೆ, ಅಲ್ವಾ?" ಎಂದಳು, ಅಷ್ಟೇ.

ಮಾರನೆಯ ಬೆಳಿಗ್ಗೆ ಸುಬ್ಬಯ್ಯ ಹನೂರಿನ ಬಸ್ಸು ಹತ್ತಿದ. ಕೊಳ್ಳೇಗಾಲದಲ್ಲಿ ಪೇಂಟರುಗಳಿಲ್ಲವೆಂದಲ್ಲ. ಇಲ್ಲಿಯವರನ್ನು ಕರೆದರೆ ಊರಿಗೆಲ್ಲ ಗೊತ್ತಾಗುತ್ತದೆ ಎಂದು ಅವನ ಲೆಕ್ಕ. ಬೀದಿಯ ಅರ್ಧ ಜನ ಆಗಲೇ ಅದನ್ನು ಬೆನ್ನಿನ ಮೇಲೆ ಹೊತ್ತು ತಿರುಗುತ್ತಿದ್ದರು ಎನ್ನುವುದು ಅವನಿಗೆ ಹೊಳೆಯಲಿಲ್ಲ.

ಪೇಂಟರ್ ಮಾದಸ್ವಾಮಿ ಮಾರ್ಟಳ್ಳಿ ಕಡೆಯವನು, ಹನೂರಿನಲ್ಲಿ ನೆಲೆ. ಅರ್ಧ ಕನ್ನಡ, ಅರ್ಧ ತಮಿಳು, ಉಳಿದದ್ದೆಲ್ಲ ಜಂಭ. "ಹನೂರಿನ ಅಂಗಡಿ ಬೋರ್ಡೆಲ್ಲಾ ನಂದೇ ಸಾ. ರಾಮಾಪುರದ ಠಾಣೆಗೆ ಬಳ್ದವ್ನೂ ನಾನೇ. ಒಳಕ್ಕೋದ ಕಳ್ರು ಆಚಿಕ್ಕೆ ಬರಕ್ಕೇ ಮನ್ಸು ಮಾಡಲ್ಲ, ಅಂಗದೆ ಕೆಲ್ಸ!" ಎಂದು ಬಸ್ಸಿನುದ್ದಕ್ಕೂ ಹೇಳುತ್ತ ಬಂದ. ಪಡಸಾಲೆಗೆ ಕಾಲಿಟ್ಟವನು ಗೋಡೆ ನೋಡಿ ಬ್ರಷ್ಷಿನ ಚೀಲ ಕೆಳಗಿಟ್ಟ.

"ಅಡಡಡಾ! ಯಾವ ಪುಣ್ಯಾತ್ಮ ಸಾ ಇದನ್ನ ಬಳ್ದವ್ನು?"

ಸುಬ್ಬಯ್ಯ ರಾಣಿ ಬಣ್ಣ ಹತ್ತಿದ ಎರಡು ಕೈಯನ್ನೂ ಶಲ್ಯದೊಳಗೆ ಸೇರಿಸಿಕೊಂಡ. "ಅದ್ಯಾರೋ ಒಬ್ಬ ಬಂದಿದ್ದ ಕಣಪ್ಪ. ಎಲ್ಲಾ ಬಲ್ಲೆ ಅಂದ."

"ಕೂಲಿ ಕೊಟ್ಬುಟ್ರಾ?"

"ಇಲ್ಲ, ಇಲ್ಲ."

"ಒಳ್ಳೇದ್ ಮಾಡುದ್ರಿ. ಅಂಥೋನ್ಗೆ ಒಂದು ತುತ್ತು ಅನ್ನ ಇಕ್ಬಾರ್ದು ಸಾ!"

ಅಡುಗೆಮನೆಯಿಂದ ಚಿಕ್ಕತಾಯಮ್ಮನ ದನಿ ಬಂತು: "ನಾನು ದಿನಾ ಇಕ್ತಾ ಇವ್ನಿ ಕಣಪ್ಪ!"

ಮಾದಸ್ವಾಮಿಯ ಕಣ್ಣು ಸುಬ್ಬಯ್ಯನ ಶಲ್ಯದ ಮೇಲೆ ಒಂದು ಗಳಿಗೆ ನಿಂತು ಮುಂದಕ್ಕೆ ಹೋಯಿತು. "ಸರಿಂಗ ಸಾ," ಎಂದು ಅವನು ಎಲೆ ಅಡಿಕೆ ಕೇಳಿದ.

ಕೆಲಸ ಶುರುವಾಯಿತು. ಮಾದಸ್ವಾಮಿ ಗೋಡೆ ಕೆರೆದ, ತೊಳೆದ, ಬಿಳೀ ಸುಣ್ಣ ಬಳಿದ, ಬಳಿಯುವಾಗಲೆಲ್ಲ ಹಿಂದೆ ಬಳಿದವನ ವಂಶವನ್ನು ಒಂದೊಂದು ತಲೆಮಾರು ಮೇಲಕ್ಕೆ ಹೋಗಿ ಬೈದ. ಸುಬ್ಬಯ್ಯ ಏಣಿ ಹಿಡಿದುಕೊಂಡು ಎಲ್ಲದಕ್ಕೂ "ಹೂಂ, ಹೌದು" ಎಂದ. ತನ್ನ ಮುತ್ತಜ್ಜನನ್ನು ಬೈದದ್ದಕ್ಕೂ ಹೂಂ ಎನ್ನಬೇಕಾಯಿತು! ಆದರೆ ಬೆಳಿಗ್ಗೆ ಹಾಲಿನಂತಿದ್ದ ಗೋಡೆ ಸಂಜೆಗೆ ಒಳಗಿನಿಂದ ಕೆಂಪೇರಿತು. ಇನ್ನೊಂದು ಕೈ ಬಳಿದ. ಮತ್ತೆ ಕೆಂಪು. ರಾಮಾಪುರದ ಠಾಣೆ ಗೆದ್ದವನು ನೇಕಾರರ ಬೀದಿಯಲ್ಲಿ ಸೋತು ಕೂತ. "ಇದು ಗ್ವಾಡೆ ಅಲ್ಲ ಸಾ, ಜಗಳಗಂಟಿ. ನನ್ ಕಸುಬಿನ ಮಾನ ಕಳೀತು," ಎಂದು ತಲೆಯ ಮೇಲೆ ಕೈ ಹೊತ್ತ. ಪಕ್ಕದಲ್ಲಿ ಸುಬ್ಬಯ್ಯನೂ ಹೊತ್ತ. ಹಬ್ಬ ನಾಳಿದ್ದು.

ಚಿಕ್ಕತಾಯಮ್ಮ ಇಬ್ಬರಿಗೂ ಕಾಫಿ ತಂದಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಸೆರಗು ಬಿಡಿಸಿ, ಕೈ ಒರೆಸಿಕೊಳ್ಳುತ್ತ ಸೀರೆಯನ್ನೊಮ್ಮೆ ಗೋಡೆಯನ್ನೊಮ್ಮೆ ನೋಡಿದಳು.

"ಅಲ್ಲ ಕಣಪ್ಪ, ಒರಗೋದು ಎಷ್ಟು ಎತ್ರಕ್ಕೆ? ಕೂತೋರ ತಲೆಗಂಟ ತಾನೆ? ಮ್ಯಾಲಿಂದು ಏನಾದ್ರೂ ಆಗ್ಲಿ, ಸೀರೆ ಒಡಲು ಅನ್ಕಳ್ಳಿ. ಕೆಳಗಡೆ ಗಟ್ಟಿಯಾಗಿ ಒಂದು ಅಂಚು ಕಟ್ಟುಬುಡಿ."

ಇಬ್ಬರು ಗಂಡಸರೂ ಒಟ್ಟಿಗೆ ಎದ್ದು ನಿಂತರು. ಹೌದಲ್ಲ! ಗೋಡೆಯೇ ಒಂದು ಸೀರೆ! ಮಾದಸ್ವಾಮಿ ಕೆಳಭಾಗವನ್ನು ಗಾರೆ ಕಾಣುವವರೆಗೂ ಕೆರೆದು, ಮರುದಿನ ಬೆಳಿಗ್ಗೆ ಕುಂಕುಮ ಬಣ್ಣದ ಆಯಿಲ್ ಪೇಂಟು ಬಳಿದ. ಅದರ ಮೇಲೆ ಸುಬ್ಬಯ್ಯ ತೋರಿಸಿದ ಸೀರೆ ನೋಡಿಕೊಂಡು ಜರಿಯ ಹಾಗೆ ಹಳದಿ ಗೆರೆ ಎಳೆದ, ಗೆರೆಯ ಮೇಲೆ ಪುಟ್ಟ ಪುಟ್ಟ ಗೋಪುರಗಳನ್ನು ಕೂರಿಸಿದ. ಮೇಲಿನ ರಾಣಿ ಬಣ್ಣ, ಎರಡು ಕೈ ಸುಣ್ಣದ ಹಿಂದೆ ಮಾಸಿ, ಗುಲಾಬಿಯಾಗಿ ಹಿತವಾಗಿತ್ತು. ಸುಬ್ಬಯ್ಯನಿಗೆ ಕಣ್ಣು ತುಂಬಿ ಬಂತು. ಪೇಂಟರನ ಕೈ ಹಿಡಿದುಕೊಂಡು, "ನನ್ ಮನೆ ಮಾನ ಉಳುಸ್ದೆ ಕಣಪ್ಪ," ಎಂದ.

"ಪರವಾಯಿಲ್ಲ ಸಾ. ಒಂದೇ ಮಾತು. ನಾಳೆ ಬೆಳಿಗ್ಗೆಗಂಟ ಯಾರೂ ಮುಟ್ಬಾರ್ದು. ಹಸಿ ಅದೆ."

"ಯಾರ್ ಮುಟ್ತಾರೆ? ಬಸವಯ್ಯ ಬರೋದೇ ನಾಳೆ!"

ಮಾದಸ್ವಾಮಿ ಬಾವಿಕಟ್ಟೆಯಲ್ಲಿ ಮೈ ತೊಳೆದು, ಚೀಲದ ತಳದಿಂದ ಮಡಿಸಿಟ್ಟ ಬಿಳೀ ಅಂಗಿ ತೆಗೆದು ತೊಟ್ಟ. ಅವನ ತಂಗಿಯನ್ನು ಮಾರ್ಟಳ್ಳಿಯಲ್ಲೇ ಕೊಟ್ಟಿತ್ತು. ಸಂಜೆಯ ಬಸ್ಸಿಗೆ ಹೊರಟು ಹಬ್ಬಕ್ಕೆ ಅವಳ ಮನೆ ಸೇರಬೇಕು, ಅದಕ್ಕೆಂದೇ ಇಟ್ಟುಕೊಂಡ ಅಂಗಿ. ಬ್ರಷ್ಷು ಕಟ್ಟಿ ಹೆಗಲಿಗೆ ಹಾಕಿದ. ಸುಬ್ಬಯ್ಯ ಕೂಲಿ ತರಲು ಒಳಗೆ ಹೊರಟ.

"ಅಕ್ಕಾ!"

ಬಾಗಿಲಲ್ಲಿ ಬಸವಯ್ಯ ನಿಂತಿದ್ದ. ಕೈಯಲ್ಲಿ ಬಾಗಿನದ ಜೋಡಿ ಮೊರ. ಮೈಮೇಲೆ ಅದೇ ಕರೀ ಕೋಟು!

"ನಾಳೆ ಬಸ್ಸಿನಲ್ಲಿ ಜಾಗ ಸಿಗುತ್ತೋ ಇಲ್ಲವೋ ಅಂತ ಇವತ್ತೇ ಬಂದುಬಿಟ್ಟೆ," ಎಂದ.

ಚಿಕ್ಕತಾಯಮ್ಮ ತಮ್ಮನನ್ನು ನೋಡಿ ಅತ್ತಳೋ, ಗೋಡೆಯನ್ನು ನೋಡಿ ಅತ್ತಳೋ, ಅವಳಿಗೇ ಗೊತ್ತಾಗಲಿಲ್ಲ. ಕೈ ಹಿಡಿದು ಕರೆತಂದು ಪಡಸಾಲೆಯ ನಟ್ಟನಡುವೆ ಚಾಪೆ ಹಾಸಿ ಕೂರಿಸಿದಳು. ಪಡಸಾಲೆಯ ನಡುವೆ ಯಾರನ್ನು ಕೂರಿಸುತ್ತಾರೆ? ಆರತಿ ಎತ್ತುವಾಗ ಮದುಮಗನನ್ನು ಕೂರಿಸುತ್ತಾರೆ, ಇಲ್ಲವೇ ದೆವ್ವ ಹಿಡಿದವರನ್ನು. ಬಸವಯ್ಯ ಒಂದು ಕ್ಷಣ ಕೂತ. ಬಸ್ಸಿನ ದಾರಿಯಲ್ಲಿ ನುಗ್ಗಾದ ಬೆನ್ನು. ಮೆಲ್ಲಗೆ ಹಿಂದಕ್ಕೆ ಸರಿದ.

"ಬಸವಯ್ಯ, ಮುಂದುಕ್ ಬಾಪ್ಪ, ಕಾಫಿ ತಕೋ!" ಎಂದ ಸುಬ್ಬಯ್ಯ.

ಮುಂದೆ ಬಂದು ಕುಡಿದ. ಮತ್ತೆ ಗೋಡೆಯ ಕಡೆ ಸರಿದ.

"ಕೋಡುಬಳೆ ತಕೋ ಬಾರೋ, ಇತ್ಲಾಗೆ!" ಎಂದಳು ಅಕ್ಕ.

ಮುಂದೆ ಬಂದು ತಿಂದ. ಮತ್ತೆ ಸರಿದ. ಹೀಗೆ ಆ ಸಂಜೆ ಬಸವಯ್ಯ ಕೂತಲ್ಲೇ ಯಳಂದೂರಿಗೆ ಹೋಗಿ ಬರುವಷ್ಟು ದೂರ ಓಡಾಡಿದ. ತಿನ್ನಲು ಮನೆಯಲ್ಲಿ ಏನೂ ಉಳಿಯಲಿಲ್ಲ. "ಸಾಕಕ್ಕ," ಎಂದು ಕೊನೆಗೆ ಕೈ ಮುಗಿದು, "ಒಂದು ಗಳಿಗೆ ಒರಗಿಕೊಳ್ತೀನಿ," ಎಂದು ಸೀದಾ ಗೋಡೆಯ ಕಡೆ ಬೆನ್ನು ಹಾಕಿದ. ಸುಬ್ಬಯ್ಯ ಕೈ ಅಡ್ಡ ಚಾಚಿ, ಹಾಗೇ ಹಿಂದಕ್ಕೆಳೆದುಕೊಂಡ. ಹಸಿ ಅದೆ ಅಂದರೆ ಹಳೆಯದೆಲ್ಲ ಎದ್ದು ಕೂರುತ್ತದೆ. ಅನ್ನದಿದ್ದರೆ ಕೋಟು ಹೋಗುತ್ತದೆ, ಕೋಟಿನ ಜೊತೆ ಹೆಂಡತಿಯ ತವರು ಹೋಗುತ್ತದೆ.

ಕೂಲಿಗೆ ಕಾದು ಹೊಸಲ ಹತ್ತಿರ ನಿಂತಿದ್ದ ಮಾದಸ್ವಾಮಿ ತಿರುಗಿ ನೋಡಿದ. ಇಷ್ಟು ದಿನ ಆ ಮನೆಯಲ್ಲಿ ಉಂಡವನಿಗೆ ಆ ಕರೀ ಕೋಟಿನ ಕಥೆ ಗೊತ್ತಿತ್ತು. ಚಿಕ್ಕತಾಯಮ್ಮ ಅನ್ನ ಬಡಿಸುವಾಗಲೆಲ್ಲ ಹೇಳಿದ್ದಳು. ಚೀಲ ಅಲ್ಲೇ ಬಿಟ್ಟು, ಒಂದೇ ನೆಗೆತಕ್ಕೆ ಬಂದು, ಬಸವಯ್ಯನಿಗೂ ಗೋಡೆಗೂ ನಡುವೆ ತೂರಿ ಚಕ್ಕಳಮಕ್ಕಳ ಹಾಕಿ ಕೂತ. ಬಸವಯ್ಯನ ಬೆನ್ನು ಬಂದು ಅವನ ಎದೆಗೆ ತಾಗಿತು. ಮಾದಸ್ವಾಮಿಯ ಬೆನ್ನು ಹೋಗಿ ಹಸಿ ಗೋಡೆಗೆ ಪಚಕ್ಕೆಂದು ಅಂಟಿತು.

"ಏನಯ್ಯಾ ಇದು?" ಎಂದು ಬೆಚ್ಚಿದ ಬಸವಯ್ಯ.

"ಒರಗಿ ಸಾ. ಗ್ವಾಡೆ ತಣ್ಣಗದೆ, ಶೀತ ಆಯ್ತದೆ. ನಂಗೂ ಒಬ್ಬ ತಂಗಿ ಅವ್ಳೆ ಸಾ, ಅವಳ ಮನೇಲಿ ಅಣ್ಣಂದ್ರನ್ನ ಇಂಗೇ ಕೂರ್ಸೋದು. ನೀವು ಒರಗಿ!"

ದಣಿದ ಬೆನ್ನಿಗೆ ಅದು ಗೋಡೆಗಿಂತ ಮೆತ್ತಗಿತ್ತು. ಹೊಟ್ಟೆ ತುಂಬ ಕೋಡುಬಳೆ ಬೇರೆ. ಬಸವಯ್ಯ ಮಾತಾಡುತ್ತ ಮಾತಾಡುತ್ತ ಅಲ್ಲೇ ತೂಕಡಿಸಿದ. ಹನೂರಿನ ಬಸ್ಸು ಹಾರನ್ ಹೊಡೆದದ್ದು ಕೇಳಿತು, ಹೊರಟದ್ದೂ ಕೇಳಿತು. ಸುಬ್ಬಯ್ಯ ಬಾಗಿಲ ಕಡೆ ನೋಡಿ, ಮಾದಸ್ವಾಮಿಯ ಮುಖ ನೋಡಿ, ಎರಡೂ ಕೈ ಜೋಡಿಸಿದ. ಬಾಯಿ ಬಡಾಯಿಯ ಆ ಮನುಷ್ಯ ತುಟಿ ಪಿಟ್ಟೆನ್ನದೆ ಗೋಡೆಯಾಗಿ ಕೂತಿದ್ದ. ತನ್ನ ಒಡಹುಟ್ಟಿದವರೂ ತನಗೆ ಇಷ್ಟು ಮಾಡಿಲ್ಲವೆಂದು ಸುಬ್ಬಯ್ಯನಿಗೆ ಅನ್ನಿಸಿತು.

ದೀಪ ಹಚ್ಚುವ ಹೊತ್ತಿಗೆ ಬಸವಯ್ಯ ಎಚ್ಚೆತ್ತು ಎದ್ದ. ಅವನ ಹಿಂದೆ ಮಾದಸ್ವಾಮಿಯೂ ಏಳಬೇಕಾಯಿತು, ದೋಸೆಯನ್ನು ಕಾವಲಿಯಿಂದ ಎಬ್ಬಿಸಿದ ಹಾಗೆ ಪರಪರನೆ. ಬಿಳೀ ಅಂಗಿಯ ಹಿಂಬದಿಯಲ್ಲಿ ಕುಂಕುಮ ಬಣ್ಣದ ಅಂಚು, ಹಳದಿಯ ಜರಿ, ತಲೆಕೆಳಗಾಗದೆ ನಿಂತ ಗೋಪುರಗಳು! ಗೋಡೆಯಲ್ಲಿ ಒಬ್ಬ ಮನುಷ್ಯನ ಬೆನ್ನಗಲ ಜಾಗ ಖಾಲಿ.

ಬಸವಯ್ಯ ಆ ಅಂಗಿ ನೋಡಿದ. ಗೋಡೆ ನೋಡಿದ. ಕೋಟು ಬಿಚ್ಚಿ ಅದರ ಬೆನ್ನು ನೋಡಿದ. ಕಪ್ಪಗೆ, ಸ್ವಚ್ಛ. ಆಮೇಲೆ ಅವನ ಹೊಟ್ಟೆ ಕುಲುಕಲು ಶುರುವಾಯಿತು.

"ಭಾವ! ಈ ಸಲ ನಿಮ್ಮ ಗೋಡೆ ಹೊತ್ತುಕೊಂಡು ಹೋಗೋನು ಬೇರೆಯವನಪ್ಪ!"

ಚಿಕ್ಕತಾಯಮ್ಮ ನಕ್ಕಳು, ಮಾದಸ್ವಾಮಿ ನಕ್ಕ. ಸುಬ್ಬಯ್ಯ ಮಾತ್ರ ತಲೆ ತಗ್ಗಿಸಿ ನಿಂತಿದ್ದ.

"ಯಾಕೆ ಭಾವ, ನೀವು ನಗಲ್ವಾ?"

"ಇಲ್ಲ ಕಣಪ್ಪ. ಒಂದ್ಸಲ ನಕ್ಕಿದ್ದುಕ್ಕೆ ನಿಮ್ಮಕ್ಕ ಇಷ್ಟು ವರ್ಷ ಅತ್ತವ್ಳೆ."

ಬಸವಯ್ಯ ಕೋಟು ಮಡಿಸಿ ಅಕ್ಕನ ಕೈಗೆ ಕೊಟ್ಟು, "ದೀಪಾವಳಿಗೆ ಇಬ್ಬರೂ ಯಳಂದೂರಿಗೆ ಬನ್ನಿ," ಎಂದ. "ನಮ್ಮ ಮನೆಗೂ ಬಣ್ಣ ಆಗಬೇಕು. ಮಾದಸ್ವಾಮಿ ಬಳೀಲಿ. ಭಾವ, ನೀವು ಊಟಕ್ಕೆ ಮಾತ್ರ ಕೈ ತನ್ನಿ," ಎಂದು ಸೇರಿಸಿದ.

ಮಾರನೆಯ ಬೆಳಿಗ್ಗೆ ಮಾದಸ್ವಾಮಿ ಗೋಡೆಯ ಖಾಲಿ ಜಾಗ ತುಂಬಿಸಿ, ಸುಬ್ಬಯ್ಯನ ಅಂಗಿ ತೊಟ್ಟು ಹೊರಟು ನಿಂತ. ಒಳಗೆ ತಮ್ಮನ ಕೈಯಿಂದಲೇ ಬಾಗಿನ ತೆಗೆದುಕೊಂಡ ಚಿಕ್ಕತಾಯಮ್ಮ ಈ ಸಲ ಒಲೆಯ ನೆಪವಿಲ್ಲದೆ ಎಲ್ಲರೆದುರಿಗೇ ಕಣ್ಣು ಒರೆಸಿಕೊಂಡಳು. ಸುಬ್ಬಯ್ಯ ಮಾತಾಡಿದ ಕೂಲಿಯನ್ನು ವೀಳ್ಯದೆಲೆಯ ಮೇಲಿಟ್ಟು ಕೊಟ್ಟ. ಆಮೇಲೆ ಪೆಟ್ಟಿಗೆ ತೆಗೆದು, ತಾನೇ ಬಣ್ಣ ಕಟ್ಟಿ ತಾನೇ ನೇಯ್ದ, ರಾಣಿ ಬಣ್ಣದ ರೇಷ್ಮೆ ರವಿಕೆ ಕಣವೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದ.

"ಇದು ಕೂಲಿ ಅಲ್ಲ ಕಣಪ್ಪ. ನಿನ್ ತಂಗಿ ಬಾಗಿನಕ್ಕೆ. ನೀನು ನನ್ ಹೆಂಡ್ತಿಗೆ ತವರು ತಂದುಕೊಟ್ಟೆ. ಸಾಯೋಗಂಟ ಮರೆಯಲ್ಲ."

ಮಾದಸ್ವಾಮಿ ಅದನ್ನು ಕಣ್ಣಿಗೊತ್ತಿಕೊಂಡ. ಬಿಸಿಲಿಗೆ ಹಿಡಿದು ನೋಡಿದ. ಆಮೇಲೆ ಹೆಬ್ಬೆಟ್ಟಿಗೆ ಉಗುಳು ಸೋಕಿಸಿ, ಮೂಲೆಯೊಂದನ್ನು ಗಸಗಸ ಉಜ್ಜಿ, ಹೆಬ್ಬೆಟ್ಟು ನೋಡಿಕೊಂಡ!

"ಇದ್ಕೆ ಬಣ್ಣ ಕಟ್ಟಿದ್ದೂ ಆ ಗ್ವಾಡೆ ಬಳ್ದ ಪುಣ್ಯಾತ್ಮನೇ ಅಲ್ವಾ ಸಾ? ಏನಿಲ್ಲ, ನನ್ ತಂಗಿ ಬೆನ್ನಿಗೆ ಹತ್ತಕ್ಕಿಲ್ವಲ್ಲಾ?"

ಪಡಸಾಲೆಯೊಳಗಿಂದ ನಗು ಸಿಡಿಯಿತು. ಪಟ್ಟೆ ನೂಲಿಗೆ ಬಣ್ಣ ಕಟ್ಟುವ ಕೈಯನ್ನು ಸುಬ್ಬಯ್ಯ ತನಗೇ ತಿಳಿಯದ ಹಾಗೆ ಬೆನ್ನ ಹಿಂದೆ ಅಡಗಿಸಿಕೊಂಡ.

"ಇಲ್ಲಪ್ಪ," ಎಂದ. "ನಿಂಬೆಹಣ್ಣು ಹಿಂಡಬೇಕಾದ್ದು ಇದ್ಕೆ, ಗ್ವಾಡೆಗಲ್ಲ."

ತಿರುಗಿ ನೋಡಿದರೆ, ಬಸವಯ್ಯ ಕರೀ ಕೋಟು ತೊಟ್ಟು, ಅಂಚಿನ ಒಣಗಿದ ಭಾಗಕ್ಕೆ ಪೂರಾ ಬೆನ್ನು ಕೊಟ್ಟು, ಒರಗಿಕೊಂಡೇ ನಗುತ್ತಿದ್ದ.